ಮಳೆಗಾಲದಲ್ಲಿ ಎಸಿ ಕೂರಿಸುವಾಗ ಗೇಜ್ ನೋಡಿ ಗ್ಯಾಸ್ ಹಾಕಬೇಡಿ, ತೂಕ ಮಾಡಿ ಹಾಕಿ

ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರದ ಕಡೆ ಸ್ಪ್ಲಿಟ್ ಎಸಿ ಕೂರಿಸುವಾಗ ಗೇಜ್ ಮುಳ್ಳಿನಲ್ಲಿ ಪ್ರೆಷರ್ (ಒತ್ತಡ) ನೋಡಿಯೇ ಗ್ಯಾಸ್ ಹಾಕುವ ರೂಢಿ ಇನ್ನೂ ಹೋಗಿಲ್ಲ. ನಮ್ಮ ಮಳೆಗಾಲದಲ್ಲಿ ಇದು ಕೈಕೊಡುತ್ತದೆ. ಹೊರಗೆ 23 ಡಿಗ್ರಿ ಇದ್ದರೆ ಪ್ರೆಷರ್ ಹೇಗೂ ಕಡಿಮೆಯೇ ಇರುತ್ತದೆ. ಗ್ಯಾಸ್ ಸಾಲದು ಅಂದುಕೊಂಡು ಸ್ವಲ್ಪ ಸೇರಿಸಿದರೆ ಅದರ ಫಲ ಕಾಣುವುದು ಏಪ್ರಿಲ್‌ನಲ್ಲಿ. ಬಿಸಿಲು 37 ಮುಟ್ಟಿದಾಗ ಹೆಚ್ಚಾದ ಗ್ಯಾಸ್ ಕಂಡೆನ್ಸರ್‌ನಲ್ಲಿ (ಹೊರಗಿನ ಯೂನಿಟ್ಟಿನ ಶಾಖ ಬಿಡುವ ಸುರುಳಿ) ದ್ರವವಾಗಿ ಜಾಗ ಹಿಡಿದು ಕೂರುತ್ತದೆ, ಹೈ ಪ್ರೆಷರ್ ಏರುತ್ತದೆ, ಯಂತ್ರ ಎರರ್ ತೋರಿಸಿ ನಿಲ್ಲುತ್ತದೆ.

ನಿಂತ ಯಂತ್ರದ ಪ್ರೆಷರ್‌ನಿಂದಲೂ ಗ್ಯಾಸ್ ಎಷ್ಟಿದೆ ಅಂತ ತಿಳಿಯದು. ಒಳಗೆ ದ್ರವ ಉಳಿದಿರುವವರೆಗೆ ಎಸಿಗೆ ಹಾಕುವ ಆರ್-32 ಗ್ಯಾಸ್ 25 ಡಿಗ್ರಿಯಲ್ಲಿ ಸುಮಾರು 230 ಪಿಎಸ್‌ಐ (ಒತ್ತಡದ ಅಳತೆ) ತೋರಿಸುತ್ತದೆ, ಅರ್ಧ ಕೆಜಿ ಇದ್ದರೂ ಅಷ್ಟೇ, ಒಂದು ಕೆಜಿ ಇದ್ದರೂ ಅಷ್ಟೇ. ಇನ್ವರ್ಟರ್ ಯಂತ್ರದಲ್ಲಂತೂ ಕಂಪ್ರೆಸರ್ ವೇಗ ಬದಲಾದಂತೆಲ್ಲ ಮುಳ್ಳು ಓಡಾಡುತ್ತಿರುತ್ತದೆ.

ಹೊಸ ಔಟ್‌ಡೋರ್ ಯೂನಿಟ್‌ನಲ್ಲಿ ಕಂಪನಿಯೇ ಗ್ಯಾಸ್ ತುಂಬಿ ಕಳಿಸಿರುತ್ತದೆ. ಅದು ಎಷ್ಟು ಮೀಟರ್ ಪೈಪಿಗೆ ಸಾಕು, ಅದಕ್ಕಿಂತ ಉದ್ದವಾದರೆ ಮೀಟರಿಗೆ ಎಷ್ಟು ಗ್ರಾಂ ಸೇರಿಸಬೇಕು ಎಂಬುದು ಮ್ಯಾನುಯಲ್‌ನಲ್ಲಿದೆ. ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ಆದ್ದರಿಂದ ಅಂದಾಜು ಬೇಡ. ನಮ್ಮ ಹಂಚಿನ ಮನೆಗಳಲ್ಲಿ ಯೂನಿಟ್ಟನ್ನು ಹಿತ್ತಲ ಕಡೆ ಇಡುವುದರಿಂದ ಪೈಪ್ ಉದ್ದವಾಗುವುದು ಸಾಮಾನ್ಯ. 5 ಮೀಟರಿಗೆ ಸಾಕಾಗುವ ಗ್ಯಾಸ್ ಇದ್ದು ಪೈಪ್ 9 ಮೀಟರ್ ಆಗಿ, ಮೀಟರಿಗೆ 20 ಗ್ರಾಂ ಅಂತ ಬರೆದಿದ್ದರೆ ಸೇರಿಸಬೇಕಾದದ್ದು 80 ಗ್ರಾಂ. ಪೈಪ್ ಮಿತಿಯೊಳಗೇ ಇದ್ದರೆ ಏನೂ ಹಾಕಬೇಡಿ.

ಗ್ಯಾಸಿಗಿಂತ ಮೊದಲಿನ ಕೆಲಸ ವ್ಯಾಕ್ಯೂಮ್, ಅಂದರೆ ಪೈಪಿನೊಳಗಿನ ಗಾಳಿ, ತೇವವನ್ನು ಪಂಪಿನಿಂದ ಎಳೆದು ತೆಗೆಯುವುದು. ಔಟ್‌ಡೋರ್ ಗ್ಯಾಸನ್ನೇ ಸ್ವಲ್ಪ ಬಿಟ್ಟು ಪೈಪಿನ ಗಾಳಿ ಓಡಿಸುವುದನ್ನು ದಯವಿಟ್ಟು ನಿಲ್ಲಿಸಿ. ಗಾಳಿ ಪೂರ್ತಿ ಹೋಗುವುದಿಲ್ಲ, ತೇವವಂತೂ ಹೋಗುವುದೇ ಇಲ್ಲ, ಎಷ್ಟು ಗ್ರಾಂ ಹೊರಹೋಯಿತು ಎಂಬ ಲೆಕ್ಕವೂ ಸಿಗುವುದಿಲ್ಲ. ಆರ್-32 ಉರಿಯುವ ಗ್ಯಾಸ್ ಬೇರೆ. ಹಿತ್ತಲಲ್ಲಿ ಬಚ್ಚಲ ಒಲೆ ಉರಿಯುತ್ತಿದ್ದರೆ ಮೊದಲು ಅದನ್ನು ಆರಿಸಲು ಹೇಳಿ. ತೇವ ಉಳಿದರೆ ಕಂಪ್ರೆಸರ್‌ನ ಪಿಒಇ ಎಂಬ ಸಿಂಥೆಟಿಕ್ ಎಣ್ಣೆ ಅದನ್ನು ಹೀರಿಕೊಂಡು ಆಸಿಡ್ ಆಗುತ್ತದೆ, ನಿಧಾನಕ್ಕೆ ಮೋಟಾರಿನ ವೈಂಡಿಂಗ್ (ತಂತಿ ಸುತ್ತು) ಸುಡುತ್ತದೆ. ಗೋಡೆಯ ತೂತಿನಲ್ಲಿ ಪೈಪ್ ತೂರಿಸುವಾಗ ತುದಿಗೆ ಟೇಪ್ ಸುತ್ತಿರಲೇಬೇಕು, ಇಲ್ಲದಿದ್ದರೆ ಜಂಬಿಟ್ಟಿಗೆ ಪುಡಿಯೂ ನೀರೂ ಒಳಗೇ.

ಲೀಕ್ ಪರೀಕ್ಷೆ ಒಣ ನೈಟ್ರೋಜನ್‌ನಿಂದ, ಯಂತ್ರದ ಲೇಬಲ್ ಹೇಳುವ ಮಿತಿಯೊಳಗೆ. ಆಕ್ಸಿಜನ್ ಎಂದಿಗೂ ಕೂಡದು, ಎಣ್ಣೆ ತಾಗಿದರೆ ಸ್ಫೋಟ. ಮಳೆ ಬಂದು ಹವೆ 5 ಡಿಗ್ರಿ ತಂಪಾದರೆ, 400 ಪಿಎಸ್‌ಐಗೆ ತುಂಬಿಟ್ಟ ನೈಟ್ರೋಜನ್ ಒತ್ತಡ ಸುಮಾರು 7 ಪಿಎಸ್‌ಐ ಇಳಿಯುತ್ತದೆ, ಅದು ಲೀಕ್ ಅಲ್ಲ.

ವ್ಯಾಕ್ಯೂಮ್ ನೋಡಲು ಮ್ಯಾನಿಫೋಲ್ಡ್ ಗೇಜ್ (ಹೋಸ್, ವಾಲ್ವ್‌ಗಳಿರುವ ಸಾಮಾನ್ಯ ಪ್ರೆಷರ್ ಗೇಜ್) ಸಾಲದು. ಅದು ಹೊರಗಿನ ಗಾಳಿಯ ಒತ್ತಡಕ್ಕೆ ಹೋಲಿಸಿ ಅಳೆಯುತ್ತದೆ. ಶಿವಮೊಗ್ಗದ ಎತ್ತರದಲ್ಲಿ ಗಾಳಿಯ ಒತ್ತಡವೇ ಸುಮಾರು 28 ಇಂಚು (ಪಾದರಸದ ಲೆಕ್ಕದಲ್ಲಿ), ಹಾಗಾಗಿ ಪೂರ್ತಿ ವ್ಯಾಕ್ಯೂಮ್ ಆದರೂ ಮುಳ್ಳು 30ಕ್ಕೆ ಬರುವುದಿಲ್ಲ. ಇನ್ನೊಂದು, 20 ಡಿಗ್ರಿಯಲ್ಲಿ ನೀರು ಕುದಿಯಲು ಒತ್ತಡ 17,500 ಮೈಕ್ರಾನ್‌ಗಿಂತ (ವ್ಯಾಕ್ಯೂಮ್ ಅಳೆಯುವ ಸಣ್ಣ ಮಾನ) ಕೆಳಗಿಳಿಯಬೇಕು. ನಮಗೆ ಬೇಕಾದದ್ದು 500. ಇವೆರಡರ ನಡುವಿನ ಅಂತರ ಆ ಗೇಜ್‌ನಲ್ಲಿ ಮುಕ್ಕಾಲು ಇಂಚೂ ಇಲ್ಲ. ಮೈಕ್ರಾನ್ ಗೇಜ್ ಕೊಳ್ಳಿ, ದುಡ್ಡು ದಂಡವಾಗುವುದಿಲ್ಲ. 500ಕ್ಕೆ ಇಳಿದ ಮೇಲೆ ಪಂಪಿನ ವಾಲ್ವ್ ಮುಚ್ಚಿ 10 ನಿಮಿಷ ಕಾಯಿರಿ. ಸ್ವಲ್ಪ ಏರಿ ನಿಂತರೆ ತೇವ ಉಳಿದಿದೆ, ಏರುತ್ತಲೇ ಇದ್ದರೆ ಲೀಕ್. ತೇವವಿದ್ದರೆ ಒಳಗೆ ಒಣ ನೈಟ್ರೋಜನ್ ತುಂಬಿಸಿ ಮತ್ತೆ ವ್ಯಾಕ್ಯೂಮ್ ಎಳೆಯಿರಿ. ಪಂಪಿನ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದರೆ ಬದಲಿಸಲೇಬೇಕು, ಆಷಾಢದಲ್ಲಿ ಇದು ಬೇಗ ಆಗುತ್ತದೆ. ನಡುವೆ ಕರೆಂಟ್ ಹೋದರೆ ಮೊದಲು ಮ್ಯಾನಿಫೋಲ್ಡ್ ವಾಲ್ವ್ ಮುಚ್ಚಿ. ಚೆಕ್ ವಾಲ್ವ್ (ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಇಲ್ಲದ ಪಂಪಾದರೆ ಅದರ ಎಣ್ಣೆಯನ್ನು ವ್ಯಾಕ್ಯೂಮ್ ಪೈಪಿಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ.

ಇನ್ನು ತೂಕ. ಸಿಲಿಂಡರಿನ ಹೋಸನ್ನು ವ್ಯಾಕ್ಯೂಮ್ ಎಳೆಯುವ ಮೊದಲೇ ಜೋಡಿಸಿ, ಸಿಲಿಂಡರ್ ಮುಚ್ಚಿಟ್ಟಿರಿ. ಆಗ ಹೋಸಿನ ಗಾಳಿಯೂ ಖಾಲಿಯಾಗುತ್ತದೆ. ಒಂದೂವರೆ ಮೀಟರ್ ಹೋಸಿನಲ್ಲಿ ಸುಮಾರು 25ರಿಂದ 30 ಗ್ರಾಂ ದ್ರವ ನಿಲ್ಲುತ್ತದೆ. 80 ಗ್ರಾಂ ಹಾಕುವಾಗ ಇದನ್ನು ಮರೆತರೆ ಮೂರನೇ ಒಂದು ಪಾಲು ತಪ್ಪು. ಸ್ಕೇಲ್ ಸಮತಟ್ಟಾದ ಹಲಗೆಯ ಮೇಲಿರಲಿ, ಹೋಸ್ ಸಿಲಿಂಡರನ್ನು ಎಳೆಯುವಂತೆ ಜೋತಾಡದಿರಲಿ, ಬೆರಳು ತಾಗಿದರೂ ಅಂಕಿ ಬದಲಾಗುತ್ತದೆ. ಸ್ಕೇಲ್ ಸೊನ್ನೆ ಮಾಡಿ, ಔಟ್‌ಡೋರ್ ಯೂನಿಟ್ಟಿಗೆ ಪೈಪ್ ಸೇರುವಲ್ಲಿನ ಸರ್ವಿಸ್ ವಾಲ್ವ್‌ಗಳು ಮುಚ್ಚಿರುವಾಗಲೇ ಸಿಲಿಂಡರ್ ತೆರೆಯಿರಿ. 80 ಗ್ರಾಂ ಇಳಿದೊಡನೆ ಸಿಲಿಂಡರ್ ಬಂದ್. ಆಮೇಲೆ ಅಲನ್ ಕೀಯಿಂದ ಸರ್ವಿಸ್ ವಾಲ್ವ್ ತೆರೆದು, ಯಂತ್ರ ಚಾಲೂ ಮಾಡಿ, ಹೋಸಿನಲ್ಲಿ ಉಳಿದದ್ದನ್ನು ಯಂತ್ರವೇ ಎಳೆದುಕೊಳ್ಳಲು ಬಿಡಿ. ಎಸಿಗಳ ಇನ್ನೊಂದು ಗ್ಯಾಸ್ ಆರ್-410ಎ ಎರಡು ಗ್ಯಾಸಿನ ಮಿಶ್ರಣ, ಅದನ್ನು ಸಿಲಿಂಡರಿನಿಂದ ದ್ರವವಾಗಿಯೇ ತೆಗೆಯಬೇಕು.

ಕೊನೆಗೆ ಒಳಗಿನ ಗಾಳಿಯ ತಾಪ ನೋಡುವಾಗಲೂ ಮೋಸ ಹೋಗುವುದುಂಟು. ಜುಲೈನಲ್ಲಿ ಒಳಹೋಗುವ ಮತ್ತು ಹೊರಬರುವ ಗಾಳಿಯ ನಡುವೆ 7-8 ಡಿಗ್ರಿಯಷ್ಟೇ ವ್ಯತ್ಯಾಸ ಕಾಣಬಹುದು, ಏಕೆಂದರೆ ಯಂತ್ರದ ಶಕ್ತಿಯ ದೊಡ್ಡ ಪಾಲು ಗಾಳಿಯ ತೇವ ಇಳಿಸುವುದಕ್ಕೇ ಹೋಗುತ್ತದೆ. ಡ್ರೈನ್ ಪೈಪಿನಿಂದ ನೀರು ಚೆನ್ನಾಗಿ ಬರುತ್ತಿದ್ದು, ತೂಕದ ಲೆಕ್ಕವೂ ಸರಿಯಿದ್ದರೆ ಸಿಲಿಂಡರ್ ಮುಟ್ಟಬೇಡಿ. ಪೈಪಿನ ಉದ್ದ, ಸೇರಿಸಿದ ಗ್ರಾಂ, ದಿನಾಂಕವನ್ನು ಔಟ್‌ಡೋರ್ ಯೂನಿಟ್‌ನ ವಾಲ್ವ್ ಮುಚ್ಚಳದ ಒಳಮೈಯಲ್ಲಿ ಮಾರ್ಕರ್‌ನಿಂದ ಬರೆಯಿರಿ. ಹೊರಗೆ ಬರೆದರೆ ಒಂದೇ ಮಳೆಗಾಲಕ್ಕೆ ಅಳಿಸಿಹೋಗುತ್ತದೆ.