ಸರಕು ವಿಮಾನದವರನ್ನು ಯಾರು ಕೇಳ್ತಾರೆ?

ವಾಯುಪಡೆಯಿಂದ ನಿವೃತ್ತರಾದ ಹಿರಿಯರ ಮಾತನ್ನು ರೆಕಾರ್ಡ್ ಮಾಡಿ, ಬರೆದು, ಜೋಪಾನವಾಗಿ ಇಡುವುದು ನನ್ನ ಕೆಲಸ. 1971ರ ಯುದ್ಧ ಅಂದ ಕೂಡಲೇ ಲೋಂಗೇವಾಲಾದ ಹಂಟರ್, ಬೊಯ್ರಾದ ನ್ಯಾಟ್ ಯುದ್ಧವಿಮಾನಗಳು ನೆನಪಾಗುತ್ತವೆ. ಆ ಪೈಲಟ್‌ಗಳನ್ನು ಎಷ್ಟೋ ಜನ ಮಾತಾಡಿಸಿದ್ದಾರೆ. ಸರಕು ವಿಮಾನ ಹಾರಿಸಿದವರ ಮನೆಗೆ ಹೋದರೆ ಬಾಗಿಲಲ್ಲೇ ಹೇಳಿಬಿಡುತ್ತಾರೆ: "ನಾವೇನು ಮಹಾ ಮಾಡಿದ್ವಿ ಅಂತ ಬಂದ್ರಪ್ಪ? ಅಕ್ಕಿ ಬೇಳೆ ಹೊತ್ವಿ."

ಆದರೆ ಇದೇ ಯುದ್ಧದಲ್ಲಿ, ಡಿಸೆಂಬರ್ 3ರ ರಾತ್ರಿ, ಎಎನ್-12 ಸರಕು ವಿಮಾನಗಳು ಲಾಹೋರ್ ಕಡೆಯ ಚಾಂಗಾ ಮಾಂಗಾ ಕಾಡಿನ ಮೇಲೆ ಬಾಂಬ್ ಹಾಕಿ ಬಂದವು. ಸಾಮಾನು ಇಳಿಸುವ ಹಿಂಬದಿಯ ಬಾಗಿಲಿನಿಂದಲೇ ಬಾಂಬ್ ಉರುಳಿಸಿದ್ದು! ಡಿಸೆಂಬರ್ 11ರಂದು ಈಗಿನ ಬಾಂಗ್ಲಾದೇಶದ ಟಾಂಗಾಯಿಲ್‌ನಲ್ಲಿ ಪ್ಯಾರಾಶೂಟ್ ಸೈನಿಕರನ್ನು ಇಳಿಸಿದ್ದೂ ಪ್ಯಾಕೆಟ್, ಡಕೋಟಾಗಳಂಥ ಸರಕು ವಿಮಾನಗಳೇ.

ಈ ಕೆಲಸದಲ್ಲಿ ನಾನು ಕಲಿತಿದ್ದು ಮುಖ್ಯವಾಗಿ ಒಂದು. "ಯುದ್ಧದ ಬಗ್ಗೆ ಹೇಳಿ ಸರ್" ಅಂತ ಕೇಳಬಾರದು. ಕೇಳಿದರೆ ಭಾಷಣ ಬರುತ್ತದೆ, ಆಗಸ್ಟ್ 15ಕ್ಕೆ ಶಾಲೆಯಲ್ಲಿ ಮಾಡಿದ್ದೇ ಭಾಷಣ. ಅದರ ಬದಲು "ಲಾಗ್‌ಬುಕ್ ಇದೆಯಾ ಸರ್?" ಅನ್ನುತ್ತೇನೆ. ಪ್ರತಿ ಹಾರಾಟದ ದಿನಾಂಕ, ವಿಮಾನದ ನಂಬರು, ಹೋದ ದಾರಿ, ಗಾಳಿಯಲ್ಲಿದ್ದ ಹೊತ್ತು, ಎಲ್ಲ ಅದರಲ್ಲಿರುತ್ತದೆ. ಅದರಲ್ಲಿ ಒಂದು ಸಾಲಿನ ಮೇಲೆ ಬೆರಳಿಟ್ಟು, ಆವತ್ತು ಕೈ ಏನು ಮಾಡ್ತಾ ಇತ್ತು ಅಂತ ಕೇಳುತ್ತೇನೆ.

ಲಡಾಖ್ ಕಡೆ ಪ್ಯಾಕೆಟ್ ಹಾರಿಸಿದ್ದ ಒಬ್ಬ ಹಿರಿಯರು ಮೊದಲು ಬರೀ ಹೂಂ, ಉಹೂಂ ಅನ್ನುತ್ತಿದ್ದರು. ಕಣಿವೆಯಲ್ಲಿ ಸೈನಿಕರಿಗೆ ಮೇಲಿನಿಂದ ಮೂಟೆ ಹಾಕುವಾಗ ವಿಮಾನ ಹೇಗೆ ಹಿಡಿತಕ್ಕೆ ಸಿಗ್ತಿತ್ತು ಅಂತ ಕೇಳಿದೆ. ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಎರಡೂ ಅಂಗೈಯಲ್ಲಿ ಮೇಜಿನ ಅಂಚನ್ನು, ಅದೇ ವಿಮಾನ ನಡೆಸುವ ಹಿಡಿ ಅನ್ನುವ ಹಾಗೆ, ಮುಂದಕ್ಕೆ ಒತ್ತಿದರು. "ಮೂಟೆ ಹಿಂದಕ್ಕೆ ಜಾರ್ತಾ ಹೋದ ಹಾಗೆ ಮೂತಿ ಮೇಲೇಳುತ್ತೆ. ಹೀಗೆ ಒತ್ತಿ ಹಿಡೀಬೇಕು. ಮೂಟೆ ಆಚೆ ಬಿತ್ತು ಅನ್ನೋವಾಗ ಕೈ ಸಡಿಲ ಬಿಡಬೇಕು, ಇಲ್ದಿದ್ರೆ ಕೆಳಗೆ ನುಗ್ಗುತ್ತೆ." ಮತ್ತೆ ಸುತ್ತು ಹಾಕಿ ಬರಬೇಕು, ಮತ್ತೆ ಒತ್ತಬೇಕು. ಎದುರಿಗೇ ಬೆಟ್ಟ. ಧಾನ್ಯವನ್ನು ಪ್ಯಾರಾಶೂಟ್ ಇಲ್ಲದೆ ಎಸೆಯುವಾಗ ಒಂದು ಗೋಣಿಯೊಳಗೆ ಇನ್ನೊಂದು ಗೋಣಿ ಇರುತ್ತಿತ್ತಂತೆ. ಒಳಗಿನದು ಒಡೆದರೂ ಹೊರಗಿನದು ಕಾಳನ್ನು ಹಿಡಿದುಕೊಳ್ಳಲಿ ಅಂತ.

ಆಮೇಲೆ ಅವರ ಮಾತು ನಿಲ್ಲಲೇ ಇಲ್ಲ. ತೆಳು ಗಾಳಿಯಲ್ಲಿ ಮೇಲೇಳಲು ಪ್ಯಾಕೆಟ್‌ನ ಬೆನ್ನ ಮೇಲೆ ಒಂದು ಜೆಟ್ ಎಂಜಿನ್ ಕೂರಿಸಿದ್ದನ್ನು ಹೇಳಿದರು. 1962ರಲ್ಲಿ ಲಡಾಖ್‌ನ 16 ಸಾವಿರ ಅಡಿಗಿಂತ ಎತ್ತರದ ದೌಲತ್ ಬೇಗ್ ಓಲ್ಡಿಯಲ್ಲಿ ಪ್ಯಾಕೆಟ್ ಇಳಿಸಿದವರ ವಿಷಯ ಬಂತು. ಅದಕ್ಕೂ ಮೊದಲು, 1948ರ ಮೇನಲ್ಲಿ, ನಮ್ಮ ಕೊಡಗಿನ ತಿಮ್ಮಯ್ಯನವರನ್ನು ಕೂರಿಸಿಕೊಂಡು ವಾಯುಪಡೆಯ ಮೆಹರ್ ಸಿಂಗ್ ಲೇಹ್‌ನಲ್ಲಿ ಡಕೋಟಾ ಇಳಿಸಿದ್ದನ್ನು ತಾವೇ ಪಕ್ಕದ ಸೀಟಿನಲ್ಲಿದ್ದ ಹಾಗೆ ವಿವರಿಸಿದರು. ಆಗ ಅವರಿನ್ನೂ ಮಗು. ಸುಮ್ನೆ ಕೇಳಿಸಿಕೊಂಡೆ. ಸ್ಕ್ವಾಡ್ರನ್‌ನಲ್ಲಿ ಹಿರಿಯರಿಂದ ಕೇಳಿದ್ದೂ ಇವರ ಕಥೆಯೇ ಅಲ್ವಾ?

ನೆನಪಿಗೂ ಪುಸ್ತಕಕ್ಕೂ ತಾಳೆ ಆಗದಿರುವುದು ಮಾಮೂಲಿ. ಇವರು ಹಿಮ ಬೀಳುತ್ತಿತ್ತು ಅಂದ ಹಾರಾಟ ಲಾಗ್‌ಬುಕ್ಕಲ್ಲಿ ಜುಲೈನದು. ಅಲ್ಲೇ ತಿದ್ದಲು ಹೋದರೆ ಮಾತು ಸಾಕ್ಷಿ ಹೇಳಿಕೆಯ ಹಾಗೆ ಬಿಗಿಯಾಗುತ್ತದೆ. ಎರಡನ್ನೂ ಬರೆದಿಡುತ್ತೇನೆ, ಯಾವುದು ಎಲ್ಲಿಂದ ಬಂತು ಅಂತ ಪಕ್ಕದಲ್ಲಿ ಗುರುತು ಹಾಕುತ್ತೇನೆ. ಭೇಟಿಗೆ ಬೆಳಗ್ಗೆಯೇ ಒಳ್ಳೆಯದು. ಸಂಜೆಗೆ ಅವರಿಗೆ ಸುಸ್ತಾಗಿರುತ್ತದೆ. ಮನೆಯ ಅಮ್ಮನವರೂ ಜೊತೆಗೆ ಕೂತರೆ ಇನ್ನೂ ಒಳ್ಳೆಯದು. ಹವಾಮಾನ ಕೆಟ್ಟು ಗಂಡ ವಾಪಸ್ ಬಾರದ ದಿನಗಳ ಲೆಕ್ಕ ಅವರ ಹತ್ತಿರ ಇರುತ್ತದೆ.

ನಾನು ಹೊರಡುವಾಗ ಆ ಪ್ಯಾಕೆಟ್ ಹಾರಿಸಿದ್ದ ಹಿರಿಯರು ಒಂದು ಮಾತು ಹೇಳಿದರು: "ನಾನು ಬರೀ ಒತ್ತಿ ಹಿಡಿದಿದ್ದು. ಬಾಗಿಲಲ್ಲಿ ನಿಂತು ಮೂಟೆ ತಳ್ಳಿದ ಹುಡುಗರನ್ನ ಕೇಳಿದ್ರಾ?" ಆ ಕೆಲಸ ಮಾಡುತ್ತಿದ್ದವರು ಭೂಸೇನೆಯ ಸರ್ವಿಸ್ ಕೋರ್‌ನ ಸೈನಿಕರು. ಅವರಿಗೆ ಲಾಗ್‌ಬುಕ್ ಇರಲಿಲ್ಲ. ಈಗ ಅವರನ್ನೇ ಹುಡುಕುತ್ತಿದ್ದೇನೆ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಅಂಥವರು ಯಾರಾದರೂ ಇದ್ದರೆ ಹೇಳಿ.