ಅರ್ಥ ಆಗುತ್ತಾ ಎಂದು ಕೇಳುವವರಿಗೆ

ಆಗಲ್ಲ. ತುವಾ ಭಾಷೆಯ ಒಂದಕ್ಷರವೂ ನನಗೆ ಬರುವುದಿಲ್ಲ. ಮಂಗೋಲಿಯಾಕ್ಕೆ ತಾಗಿಕೊಂಡಿರುವ ರಷ್ಯಾದ ಆ ಮೂಲೆಯನ್ನು ನಾನು ನೋಡಿಯೂ ಇಲ್ಲ. ಆದರೂ ಒಂದೇ ಗಂಟಲಿಂದ ಎರಡು ಸ್ವರ ಹೊರಡಿಸುವ ಅಲ್ಲಿನ ಗಂಟಲು ಹಾಡು ಕೇಳುತ್ತೇನೆ, ಬಸ್ಸಿನಲ್ಲಿ, ಒಗ್ಗರಣೆ ಹಾಕುವಾಗ. ನನ್ನ ಮಟ್ಟಿಗೆ ಉತ್ತರ ಇಲ್ಲಿಗೆ ಮುಗಿಯಿತು. ಕೇಳುವವರಿಗೆ ಮುಗಿಯುವುದಿಲ್ಲ: "ಅರ್ಥ ಆಗದೆ ಅದ್ಹೇಗ್ರೀ ಕೇಳ್ತೀರಿ?"

ಹೀಗೆನ್ನುವವರಲ್ಲಿ ಬಹಳಷ್ಟು ಜನ ರಾಮನವಮಿ ಪೆಂಡಾಲಿನಲ್ಲಿ ಕೂತು ತೆಲುಗು ಕೀರ್ತನೆಗೆ ತೊಡೆ ತಟ್ಟುವವರೇ. ನಿಮಗೆ ತೆಲುಗು ಬರುತ್ತಾ ಅಂತ ನಾನು ಯಾವತ್ತಾದರೂ ಕೇಳಿದ್ದೇನೆಯೇ? ಅರ್ಥವಿಲ್ಲದ ಅಕ್ಷರಗಳನ್ನೇ ಹಾಡುವ ತರಾನಾಕ್ಕೆ ನಿಘಂಟು ಬೇಡ, ನನ್ನ ಹಾಡಿಗೆ ಮಾತ್ರ ಬೇಕು.

ಒಮ್ಮೆ ಗೃಹಪ್ರವೇಶವೊಂದರಲ್ಲಿ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದೆವು. ಭಾವ ನನ್ನ ಫೋನ್ ಕಿತ್ತುಕೊಂಡು ಹಾಡು ಜೋರು ಮಾಡಿದರು. ಬಂದದ್ದು ಕರ್ಗಿರಾ, ಗಂಟಲು ಹಾಡಿನಲ್ಲಿ ತೀರ ತಗ್ಗು ದನಿಯ ಶೈಲಿ. "ಅಯ್ಯೋ, ಯಾರ ಮನೆ ಎಮ್ಮೆ ಹಗ್ಗ ಬಿಚ್ಕೊಂಡು ಬಂತ್ರೀ?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಷ್ಟೇನೂ ತಪ್ಪಲ್ಲ: ಕರ್ಗಿರಾದಲ್ಲಿ ಸ್ವರತಂತುಗಳ ಮೇಲಿರುವ ಇನ್ನೊಂದು ಜೋಡಿ ಮಡಿಕೆಗಳೂ ಅರ್ಧ ವೇಗದಲ್ಲಿ ಕಂಪಿಸಿ, ಹಿಡಿದ ಸ್ವರಕ್ಕಿಂತ ಒಂದು ಸ್ಥಾಯಿ ಕೆಳಗಿನ ಗುಡುಗು ಹೊರಡುತ್ತದೆ. ನನಗೆ ಚುಚ್ಚಿದ್ದು ಚಿಕ್ಕಮ್ಮನ ಮಾತು. ಮನೆಯಲ್ಲಿ ಸಂಗೀತ ಪಾಠ ಹೇಳುವವರು ಅವರು. "ಯಾವ ದೇವರ ಮೇಲಿನ ಹಾಡೋ ಇದು?" ಎಂದರು.

"ಕುದುರೆ ಮೇಲೆ ಇರಬೇಕು ಚಿಕ್ಕಮ್ಮ." ತುವಾದವರು ಕುದುರೆಯ ಮೇಲೆ ಬೇಕಾದಷ್ಟು ಹಾಡು ಕಟ್ಟಿದ್ದಾರೆ.

ಕೇಳಬೇಕಾದದ್ದು ಅದಲ್ಲ ಸ್ವಾಮಿ. ಒಂದೇ ಗಂಟಲಿಂದ ಎರಡು ಸ್ವರ ಹೇಗೆ ಬರುತ್ತವೆ ಅಂತ ಕೇಳಿ, ಊಟ ಬಿಟ್ಟು ಹೇಳುತ್ತೇನೆ. ಚೆನ್ನಾಗಿ ಶ್ರುತಿ ಸೇರಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ಕೇಳಿಸುತ್ತದಲ್ಲ, ಮೇಷ್ಟ್ರುಗಳು ಸ್ವಯಂಭೂ ಗಾಂಧಾರ ಅನ್ನುತ್ತಾರಲ್ಲ, ಅದು ಮಂದ್ರ ಷಡ್ಜದ, ಅಂದರೆ ತಗ್ಗಿನ ಸ ತಂತಿಯ, ಐದು ಪಟ್ಟು ಕಂಪನ. ಗಂಟಲಿಂದ ಹೊರಟ ಸ್ವರದಲ್ಲೂ ಹೀಗೆ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಸ್ವರಗಳು ಅಡಗಿರುತ್ತವೆ. ತುವಾದವರು ತಳದಲ್ಲಿ ಒಂದೇ ಸ್ವರ ಹಿಡಿದು, ಬಾಯಿಯ ಆಕಾರ ಬದಲಿಸುತ್ತಾ ಒಂದೊಂದನ್ನೇ ಎತ್ತಿ ಕೇಳಿಸುತ್ತಾರೆ. ಸಿಗಿತ್ ಎಂಬ ಶೈಲಿಯಲ್ಲಿ ನಾಲಿಗೆಯನ್ನು ಮೇಲ್ಹಲ್ಲಿನ ಹಿಂದೆ ಒತ್ತಿ ಮುಚ್ಚಿ, ದವಡೆ ಹಲ್ಲಿನ ಹಿಂದೆ ಒಂದು ಪಕ್ಕ ಮಾತ್ರ ಸಣ್ಣ ಸಂದಿ ಬಿಡುತ್ತಾರೆ. ಮೇಲಿನ ಸ್ವರ ಸೀಟಿಯ ಹಾಗೆ ಹೊರಬರುತ್ತದೆ.

ಅವರು ಸಾಮಾನ್ಯವಾಗಿ ಆರಿಸಿಕೊಳ್ಳುವುದು 6, 8, 9, 10, 12ನೆಯ ಪಟ್ಟುಗಳನ್ನು. 7 ಮತ್ತು 11 ಬಿಟ್ಟು ಹಾರುತ್ತಾರೆ. ನಮ್ಮ ಲೆಕ್ಕದಲ್ಲಿ ಅವು ಪ, ಸ, ರಿ, ಗ, ಪ. 13ನೆಯದು ಧೈವತದ ಆಸುಪಾಸು. ಸೇರಿಸಿ ಹಾಡಿಕೊಳ್ಳಿ, ಸ ರಿ ಗ ಪ ಧ ಎಂಬ ಐದೇ ಸ್ವರಗಳ ಮೋಹನ ರಾಗದ ಬಾಗಿಲಿಗೇ ಬಂದಿರುತ್ತೀರಿ. ಹಾಗಂತ ತುವಾಕ್ಕೂ ತಂಜಾವೂರಿಗೂ ನೆಂಟಸ್ತನ ಬೆಳೆಸಲು ಹೊರಡಬೇಡಿ, ಅಂಥ ವಾಟ್ಸ್ಯಾಪ್ ಸಂದೇಶಗಳು ಈಗಾಗಲೇ ಸಾಕಷ್ಟಿವೆ. ಇದು ಕಂಪನದ ಗಣಿತ, ಅಷ್ಟೆ. ಚಿಕ್ಕಮ್ಮ ಎರಡು ನಿಮಿಷ ಕಿವಿ ಕೊಟ್ಟಿದ್ದರೆ ನನಗಿಂತ ಮೊದಲೇ ಹಿಡಿಯುತ್ತಿದ್ದರು.

ಇನ್ನು "ಇವೆಲ್ಲ ನಿಮಗೆ ಎಲ್ಲಿ ಸಿಗುತ್ತವೆ?" ಎನ್ನುವವರಿಗೆ ಒಂದು ಕಥೆ. ಪಾಲ್ ಪೀನಾ ಎಂಬ ಅಮೆರಿಕದ ಬ್ಲೂಸ್ ಹಾಡುಗಾರನಿದ್ದ, ಕಣ್ಣು ಕಾಣುತ್ತಿರಲಿಲ್ಲ. 1984ರಲ್ಲಿ ಶಾರ್ಟ್‌ವೇವ್ ರೇಡಿಯೊ ತಿರುವುತ್ತಿದ್ದಾಗ ಮಾಸ್ಕೋ ರೇಡಿಯೊದಲ್ಲಿ ಈ ದನಿ ಕಿವಿಗೆ ಬಿತ್ತು. ಅದೇನೆಂದು ಪತ್ತೆಯಾಗಲು ವರ್ಷಗಳೇ ಬೇಕಾದವು. ಆಮೇಲೆ ಧ್ವನಿಮುದ್ರಿಕೆ ಕೇಳಿ ಕೇಳಿಯೇ ಕಲಿತ. 1995ರಲ್ಲಿ ತುವಾದ ರಾಜಧಾನಿ ಕಿಜಿಲ್‌ಗೆ ಹೋಗಿ, ಅವರದೇ ಸ್ಪರ್ಧೆಯಲ್ಲಿ ಕರ್ಗಿರಾಕ್ಕೆ ಮೊದಲ ಬಹುಮಾನ ಹೊಡೆದ. ಅರ್ಥವನ್ನೂ ಹುಡುಕಿದ, ಒಪ್ಪುತ್ತೇನೆ: ತುವಾದಿಂದ ರಷ್ಯನ್‌ಗೆ ಒಂದು ನಿಘಂಟು, ರಷ್ಯನ್‌ನಿಂದ ಇಂಗ್ಲಿಷಿಗೆ ಇನ್ನೊಂದು. ಆದರೆ ಅದೆಲ್ಲ ಹಾಡು ತಲೆಗೆ ಹತ್ತಿದ ಮೇಲೆ.

ನಿಮಗೂ ಶುರು ಮಾಡಬೇಕೆನಿಸಿದರೆ ತುವಾದ ಹುನ್ ಹುರ್ ತು ತಂಡದಿಂದ ಮಾಡಿ. ಇಯರ್‌ಫೋನ್ ಹಾಕಿಕೊಳ್ಳಿ, ಫೋನಿನ ಸ್ಪೀಕರಿನಲ್ಲಿ ತಳದ ಸ್ವರ ಸರಿಯಾಗಿ ಕೇಳಿಸುವುದಿಲ್ಲ. ಮೊದಲು ಆ ತಳದ ಸ್ವರ ಹಿಡಿಯಿರಿ, ಸೀಟಿ ತಾನಾಗಿ ಸಿಗುತ್ತದೆ. ಸಾಹಿತ್ಯದ ಅನುವಾದ ಮಾತ್ರ ನನ್ನ ಹತ್ತಿರ ಕೇಳಬೇಡಿ.