ಆ ಬಣ್ಣ ನಿಮಗೆ ಹೇಗೆ ಗೊತ್ತು?

ಅಳಿದುಹೋದ ಪ್ರಾಣಿಗಳ ಚಿತ್ರ ಬಿಡಿಸುವುದು ನನ್ನ ಕೆಲಸ. ಹಾಗಂದ ಕೂಡಲೇ ಬರುವ ಪ್ರಶ್ನೆ ಒಂದೇ. ಶಾಲೆ ಮಕ್ಕಳು ಕೇಳುತ್ತಾರೆ, ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತವರು ಕೇಳುತ್ತಾರೆ. "ಆ ಬಣ್ಣ ನಿಮಗೆ ಹೇಗೆ ಗೊತ್ತು?" ನಮ್ಮ ಸೋದರತ್ತೆಯದು ಇನ್ನೂ ನೇರ. "ಏನೋ, ನೀನೇ ಹೋಗಿ ನೋಡ್ಕೊಂಡು ಬಂದ್ಯಾ?"

ಹೋಗಿಲ್ಲ ಅತ್ತೆ. ಬಹಳಷ್ಟು ಪ್ರಾಣಿಗಳ ಬಣ್ಣ ಗೊತ್ತೂ ಇಲ್ಲ. ಆದರೆ ಕೆಲವದು ಗೊತ್ತು, ಸುಮ್ನೆ ಹೇಳುತ್ತಿಲ್ಲ.

ಚೀನಾದ ಲಿಯಾವ್‌ನಿಂಗ್ ಪ್ರಾಂತ್ಯದಲ್ಲಿ ಸಿಕ್ಕ ಸೈನೋಸಾರಾಪ್ಟೆರಿಕ್ಸ್ ಎಂಬ ಪುಟ್ಟ ಡೈನೋಸಾರ್‌ಗೆ ಮೈಮೇಲೆ ತುಪ್ಪಳದಂಥ ಗರಿ ಇತ್ತು. ಗರಿಯೊಳಗೆ ಬಣ್ಣ ಇಟ್ಟುಕೊಳ್ಳುವ ಅತಿ ಸಣ್ಣ ಚೀಲಗಳಿರುತ್ತವೆ. ನಮ್ಮ ಕೂದಲಲ್ಲೂ ಇವೆ. ಕಪ್ಪು ಬಣ್ಣದವು ಕಡ್ಡಿಯ ಹಾಗೆ ಉದ್ದ, ಕೆಂಗಂದಿನವು ಗುಂಡಗೆ. ಕಲ್ಲಾದ ಗರಿಯಲ್ಲೂ ಈ ಆಕಾರ ಉಳಿದಿರುವುದು ಸೂಕ್ಷ್ಮದರ್ಶಕದಲ್ಲಿ ಕಂಡಿತು. ಹಾಗಾಗಿ 2010ರಲ್ಲಿ ಅದರ ಬಾಲದ ಬಣ್ಣ ಹೊರಬಿತ್ತು: ಕೆಂಗಂದು ಪಟ್ಟೆ, ಬಿಳಿ ಪಟ್ಟೆ, ಒಂದಾದ ಮೇಲೊಂದು. ಅದನ್ನು ಹಸಿರು ಬಣ್ಣದಲ್ಲಿ ಬಿಡಿಸಿದರೆ ಈಗ ತಪ್ಪು ಅಂತಲೇ ಹೇಳಬಹುದು.

ನಾನು ಜಾಸ್ತಿ ಬಿಡಿಸುವುದು ನಮ್ಮ ದೇಶದ ಪ್ರಾಣಿಗಳನ್ನು. ಅಲ್ಲಿ ಅಂಥ ಅದೃಷ್ಟ ಇಲ್ಲ. ರಾಜಾಸಾರಸ್ ನರ್ಮದೆನ್ಸಿಸ್ ಎಂಬ ಡೈನೋಸಾರ್ ತಗೊಳ್ಳಿ. ಗುಜರಾತಿನ ರಾಹಿಯೋಲಿಯಲ್ಲಿ 1980ರ ದಶಕದಲ್ಲಿ ಮೂಳೆಗಳು ಸಿಕ್ಕವು, 2003ರಲ್ಲಿ ಹೆಸರು ಬಂತು. ಸುಮಾರು 6.7 ಕೋಟಿ ವರ್ಷ ಹಿಂದಿನ ಬೇಟೆಗಾರ. ಸಿಕ್ಕಿದ್ದು ತಲೆಬುರುಡೆಯ ಹಿಂಭಾಗ, ಬೆನ್ನುಮೂಳೆಯ ತುಂಡುಗಳು, ಸೊಂಟ, ಹಿಂಗಾಲು, ಬಾಲದ ಒಂದಷ್ಟು. ಮೂತಿಯೇ ಇಲ್ಲ! ಹಣೆಯ ಮೇಲೊಂದು ಗಿಡ್ಡ ಕೊಂಬು ಮಾತ್ರ ಇದೆ. ಮೂತಿಯನ್ನು ಅದರ ನೆಂಟನಿಂದ ಸಾಲ ತರಬೇಕು. ಮಡಗಾಸ್ಕರ್‌ನ ಮಜುಂಗಾಸಾರಸ್‌ನ ಬುರುಡೆ ಪೂರ್ತಿ ಸಿಕ್ಕಿದೆ. ಭಾರತ ಮತ್ತು ಮಡಗಾಸ್ಕರ್ ಹಿಂದೆ ಒಂದೇ ನೆಲವಾಗಿದ್ದವು, ಹಾಗಾಗಿ ಈ ಸಾಲಕ್ಕೆ ಅರ್ಥ ಇದೆ. ಚರ್ಮವನ್ನು ಇನ್ನೊಬ್ಬ ನೆಂಟ ಕೊಡುತ್ತಾನೆ. ಅರ್ಜೆಂಟೀನಾದ ಕಾರ್ನೋಟಾರಸ್‌ನ ಚರ್ಮದ ಅಚ್ಚು ಕಲ್ಲಿನಲ್ಲಿ ಉಳಿದಿದೆ. ಒರಟು ಹುರುಪೆ, ನಡುನಡುವೆ ಉಬ್ಬು. ಗರಿಯ ಗುರುತಿಲ್ಲ.

ಇಷ್ಟಾದ ಮೇಲೆ ಬಣ್ಣ. ಹುಲಿಯ ಹಾಗೆ ಕಿತ್ತಳೆ ಮಾಡಿ, ಚೆನ್ನಾಗಿರುತ್ತೆ ಅಂತ ಒಬ್ಬರು ಹೇಳಿದ್ದರು. ಚೆನ್ನಾಗೇನೋ ಇರುತ್ತೆ. ಆದರೆ ಹುಲಿಗೆ ಆ ಬಣ್ಣ ಒಪ್ಪುವುದು ಜಿಂಕೆಯ ಕಣ್ಣಿಗೆ ಕೆಂಪು-ಹಸಿರು ಬೇರೆಬೇರೆ ಕಾಣುವುದಿಲ್ಲ ಅನ್ನುವ ಕಾರಣಕ್ಕೆ. ಹಕ್ಕಿಗಳಿಗೆ ಬಣ್ಣ ನಮಗಿಂತ ಚೆನ್ನಾಗಿ ಕಾಣುತ್ತದೆ, ಹಕ್ಕಿಗಳು ಡೈನೋಸಾರ್‌ಗಳ ವಂಶದವೇ. ರಾಜಾಸಾರಸ್‌ನ ಬೇಟೆಗೂ ಬಣ್ಣ ಕಾಣುತ್ತಿತ್ತು ಅಂತ ಇಟ್ಟುಕೊಂಡರೆ, ಕಿತ್ತಳೆ ಬಣ್ಣದ ಬೇಟೆಗಾರ ದಿನಾ ಉಪವಾಸ. ಅದಕ್ಕೇ ನನ್ನದು ಮಣ್ಣು ಬಣ್ಣ, ಹೊಟ್ಟೆ ಸ್ವಲ್ಪ ತಿಳಿ. ಕೊಂಬಿನ ಸುತ್ತ ಮಾತ್ರ ಕೆಂಪು ಹಚ್ಚುತ್ತೇನೆ. ಅದು ನನ್ನ ಆಸೆ, ಒಪ್ಪಿಕೊಳ್ಳುತ್ತೇನೆ.

ನನಗೆ ಬಣ್ಣಕ್ಕಿಂತ ದೊಡ್ಡ ತಲೆನೋವು ಮಾಂಸ. ಹಳ್ಳಿಕಾರ್ ಎತ್ತನ್ನು ಕಂಡೇ ಇಲ್ಲದವನ ಕೈಗೆ ಅದರ ಮೂಳೆಗಳನ್ನು ಕೊಟ್ಟು ಚಿತ್ರ ಬಿಡಿಸು ಅನ್ನಿ. ಹೆಗಲ ಮೇಲಿನ ಇಣಿ ಬರುವುದಿಲ್ಲ, ಅದು ಬರೀ ಮಾಂಸ, ಕೊಬ್ಬು. ಕತ್ತಿನ ಕೆಳಗೆ ತೂಗುವ ಗಂಗೆದೊಗಲು ಬರುವುದಿಲ್ಲ. ಕಿವಿ ಇಲ್ಲ. ಕೊಂಬೂ ಮೋಟು, ಒಳಗಿನ ಮೂಳೆ ಹೊರಗಿನ ಕೊಂಬಿನಷ್ಟು ಉದ್ದ ಇರುವುದಿಲ್ಲವಲ್ಲ. ಬರುವುದು ಮೂಳೆಗೆ ಚರ್ಮ ಅಂಟಿಸಿದ ಬಡಕಲು ಪ್ರಾಣಿ. ಅದನ್ನು ಯಾವ ಜಾತ್ರೆಯಲ್ಲೂ ಯಾರೂ ಕೊಳ್ಳುವುದಿಲ್ಲ. ಡೈನೋಸಾರ್‌ಗಳನ್ನು ಎಷ್ಟೋ ವರ್ಷ ಹೀಗೇ ಬಿಡಿಸಿದ್ದೇವೆ, ನಾನೂ ಬಿಡಿಸಿದ್ದೇನೆ. ಆಮೇಲೆ 2013ರಲ್ಲಿ ಕೆನಡಾದ ಎಡ್ಮಂಟೋಸಾರಸ್ ಎಂಬ ಡೈನೋಸಾರ್‌ನ ತಲೆಯ ಮೇಲೆ ಹುಂಜದ ಹಾಗೆ ಮಾಂಸದ ಜುಟ್ಟು ಕಂಡಿತು. ಚರ್ಮ ಉಳಿದ ಅಪರೂಪದ ಪಳೆಯುಳಿಕೆ ಅದು. ಬುರುಡೆಯಲ್ಲಿ ಆ ಜುಟ್ಟಿನ ಸುಳಿವೇ ಇರಲಿಲ್ಲ.

ಇನ್ನು ಪ್ರಾಣಿಯ ಕಾಲ ಕೆಳಗಿನ ನೆಲ. ಇದನ್ನು ಯಾರೂ ಕೇಳುವುದಿಲ್ಲ. ನನಗೆ ಅತಿ ಇಷ್ಟದ ಭಾಗ ಇದೇ.

ಡೈನೋಸಾರ್ ಚಿತ್ರದಲ್ಲಿ ಹುಲ್ಲು ಬಿಡಿಸಬಾರದು ಅಂತ ನಾವೆಲ್ಲ ಕಲಿತಿದ್ದೆವು. ಹುಲ್ಲು ಬಂದದ್ದು ಅವು ಹೋದಮೇಲೆ ಅಂತ ಲೆಕ್ಕ. ಆ ಲೆಕ್ಕ ಮುರಿದದ್ದು ಮಹಾರಾಷ್ಟ್ರದ ಪಿಸ್ದುರಾದಲ್ಲಿ ಸಿಕ್ಕ ಸಗಣಿ. ಕಲ್ಲಾದ ಸಗಣಿ, ಬಹುಶಃ ಉದ್ದ ಕತ್ತಿನ ಸಸ್ಯಾಹಾರಿ ಡೈನೋಸಾರ್‌ಗಳದು. ಕಬ್ಬಿನ ಗರಿ ಕೈ ಕೊಯ್ಯುತ್ತದೆ, ಅಲ್ವಾ? ಅದರಲ್ಲಿರುವ ಮರಳಿನಂಥ ಸಿಲಿಕಾ ಕೊಯ್ಯುವುದು. ಹುಲ್ಲು ಕೊಳೆತರೂ ಆ ಹರಳು ಕೊಳೆಯುವುದಿಲ್ಲ, ಮತ್ತು ಹುಲ್ಲಿನ ಹರಳಿನ ಆಕಾರವೇ ಬೇರೆ. ಸಗಣಿಯೊಳಗೆ ಅವು ಸಿಕ್ಕವು, 2005ರಲ್ಲಿ ಸುದ್ದಿ ಪ್ರಕಟವಾಯಿತು. ಭತ್ತದ ಬಳಗಕ್ಕೆ ಸೇರಿದವೂ ಇವೆ ಅಂತ ಆಮೇಲೆ ತಿಳಿಯಿತು. ಹಾಗಂತ ಹುಲ್ಲುಗಾವಲು ಬಿಡಿಸುವಂತಿಲ್ಲ. ತಾಳೆಯಂಥ ಮರಗಳು, ಸೂಚಿಪರ್ಣ ಮರಗಳು, ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಹುಲ್ಲಿನ ಪೊದೆ. ಅಷ್ಟನ್ನು ಬಿಡಿಸುವಾಗ ಕೈಗೆ ಒಂಥರಾ ಸುಖ.

ಹಿನ್ನೆಲೆಯ ಕಥೆ ಬೇರೆ. ಒಬ್ಬ ಪ್ರಕಾಶಕರು ಹಿಂದೆ ಹಿಮದ ಬೆಟ್ಟ ಹಾಕಿ ಅಂದರು. ಆಗ ಹಿಮಾಲಯ ಹುಟ್ಟಿರಲಿಲ್ಲ ಸಾರ್, ಭಾರತ ಇನ್ನೂ ಸಮುದ್ರದ ಮಧ್ಯೆ ಉತ್ತರಕ್ಕೆ ಬರುತ್ತಿತ್ತು ಅಂದೆ. ಹಾಗಾದರೆ ಹೊಗೆ ಉಗುಳುವ ಗೋಪುರದಂಥ ಜ್ವಾಲಾಮುಖಿ ಹಾಕಿ ಅಂದರು. ಅದೂ ಆಗದು. ದಖ್ಖನ್‌ನಲ್ಲಿ ಲಾವಾ ಬಂದದ್ದು ಹೆಚ್ಚಾಗಿ ನೆಲದ ಉದ್ದುದ್ದ ಬಿರುಕುಗಳಿಂದ. ಚಪ್ಪಟೆಯಾಗಿ ಹರಿದು, ಪದರದ ಮೇಲೆ ಪದರ ಕೂತಿತು. ಮೆಟ್ಟಿಲು ಕಡಿದ ಹಾಗಿರುವ ಸಹ್ಯಾದ್ರಿಯ ಬೆಟ್ಟಗಳು ಅದರಿಂದಲೇ ಆದವು. ವಿಜಯಪುರದ ಗೋಳಗುಮ್ಮಟದ ಕಪ್ಪು ಕಲ್ಲೂ ಆ ಲಾವಾದ್ದೇ. ಕೊನೆಗೆ ದಿಗಂತದಲ್ಲಿ ಒಂದು ಕೆಂಪು ಗೆರೆ ಎಳೆದು ಕೊಟ್ಟೆ. ಅವರಿಗೆ ಸಮಾಧಾನ ಆಗಲಿಲ್ಲ, ದುಡ್ಡು ಕೊಟ್ಟರು.

ಊಹೆ ತೀರಾ ಕಡಿಮೆ ಬೇಕಾದ ಚಿತ್ರವೂ ಒಂದಿದೆ. ಗುಜರಾತಿನ ಧೋಲಿ ಡುಂಗ್ರಿಯಲ್ಲಿ 1980ರ ದಶಕದಲ್ಲಿ ಭೂವಿಜ್ಞಾನಿ ಧನಂಜಯ ಮೊಹಬೆ ಅವರಿಗೆ ಡೈನೋಸಾರ್ ಮೊಟ್ಟೆಗಳೂ ಪಕ್ಕದಲ್ಲಿ ಮೂಳೆಗಳೂ ಇದ್ದ ಕಲ್ಲು ಸಿಕ್ಕಿತು. ಎಲ್ಲ ಮರಿಯ ಮೂಳೆ ಅಂದುಕೊಂಡರು. 2001ರಲ್ಲಿ ಪಳೆಯುಳಿಕೆ ತಜ್ಞ ಜೆಫ್ರಿ ವಿಲ್ಸನ್ ಅದೇ ಕಲ್ಲನ್ನು ನೋಡಿ, ಇದರಲ್ಲಿ ಹಾವಿದೆ ಅಂದರು! ಸುಮಾರು 3.5 ಮೀಟರ್ ಹಾವು, ಒಡೆದ ಮೊಟ್ಟೆಯ ಸುತ್ತ ಸುರುಳಿ ಸುತ್ತಿದೆ. ಪಕ್ಕದಲ್ಲಿ ಅರ್ಧ ಮೀಟರ್ ಉದ್ದದ ಡೈನೋಸಾರ್ ಮರಿ. ಕೆಸರು ನುಗ್ಗಿ ಎಲ್ಲವನ್ನೂ ಒಟ್ಟಿಗೆ ಮುಚ್ಚಿರಬೇಕು. 2010ರಲ್ಲಿ ಆ ಹಾವಿಗೆ ಸನಾಜೆ ಇಂಡಿಕಸ್ ಎಂದು ಹೆಸರಿಟ್ಟರು. ಯಾರು ಎಲ್ಲಿ ಹೇಗೆ ಕೂತಿದ್ದರು ಎಂಬುದನ್ನೆಲ್ಲ ಕಲ್ಲೇ ಹೇಳುತ್ತದೆ. ಆದರೂ ಮೊದಲ ಸಲ ಎಡವಿದೆ. ಹೆಬ್ಬಾವಿನ ಹಾಗೆ ಬಾಯಿ ಅಗಲಿಸಿ ಬಿಡಿಸಿದ್ದೆ. ಇದರ ದವಡೆ ಅಷ್ಟು ತೆರೆಯುತ್ತಿರಲಿಲ್ಲ, ಇಡೀ ಮೊಟ್ಟೆ ನುಂಗಲಾಗದು. ಮರಿ ಹೊರಬರುವುದನ್ನು ಕಾಯುತ್ತಿತ್ತು ಅನ್ನುವುದು ಅದಕ್ಕೇ. ಬಾಯಿ ಮುಚ್ಚಿಸಿ ಮತ್ತೆ ಬಿಡಿಸಿದೆ. ಮುಚ್ಚಿದ ಬಾಯಿಯೇ ಜಾಸ್ತಿ ಭಯ ಹುಟ್ಟಿಸಿತು.

ನಮ್ಮಲ್ಲಿ ಡೈನೋಸಾರ್ ಇತ್ತಾ ಅಂತಲೂ ಕೇಳುತ್ತಾರೆ. ಕರ್ನಾಟಕದ ಬಹುಪಾಲು ಬಂಡೆ ಡೈನೋಸಾರ್‌ಗಳಿಗಿಂತ ಎಷ್ಟೋ ಹಳೆಯದು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದರಲ್ಲಿ ಮೂಳೆ ಹುಡುಕುವುದು ಮುತ್ತಜ್ಜಿಯ ಮದುವೆ ಫೋಟೋದಲ್ಲಿ ನಮ್ಮ ಮುಖ ಹುಡುಕಿದ ಹಾಗೆ. ಆದರೆ ಗೋಕಾಕದ ಹತ್ತಿರ ಘೇಂಡಾಮೃಗದ ಮೂಳೆ ಸಿಕ್ಕಿತ್ತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಅದರ ಬಗ್ಗೆ ಬರೆದರು.

ಈಗ ಮೇಜಿನ ಮೇಲಿರುವುದು ಅದೇ. ಮೊನ್ನೆ ಬಂದ ಅತ್ತೆ ನೋಡಿದರು, ಕೇಳಿಯೇ ಕೇಳಿದರು. ಘೇಂಡಾಮೃಗ ದಿನಾ ಕೆಸರಲ್ಲಿ ಹೊರಳುತ್ತದೆ ಅತ್ತೆ, ಅಲ್ಲಿದ್ದದ್ದು ಎರೆ ಮಣ್ಣು, ಇನ್ಯಾವ ಬಣ್ಣ ಇರುತ್ತೆ ಹೇಳಿ ಅಂದೆ. ಅತ್ತೆ ಸ್ವಲ್ಪ ಹೊತ್ತು ನೋಡಿ, "ಮಳೆ ಬಂದಾಗ?" ಅಂದರು.